ವೀರಮ್ಮನ ಕರೆಗೆ ಹೂಂ ಅಂದವರು

ಮಾಡಿದ ಪದಾರ್ಥ ರುಚಿಯಾಗಿರುತ್ತದೆ. ಮಾಡುವ ಕೈ ಶುದ್ಧವಾಗಿರುತ್ತದೆ. ಆದರೂ ಕೊಳ್ಳುವವರು ಮನೆ ತನಕ ಬರುವುದಿಲ್ಲ. ಹಪ್ಪಳ ಮಾಡುವವರನ್ನು ಕೇಳಿ, ಬಟ್ಟೆ ಹೊಲಿಯುವವರನ್ನು ಕೇಳಿ, ಎಲ್ಲರದೂ ಇದೇ ಮಾತು. "ನಾವು ಇರೋದೇ ಜನಕ್ಕೆ ಗೊತ್ತಿಲ್ಲ" ಅನ್ನುತ್ತಾರೆ. ಸರಿ, ಕೂಗಿ ಹೇಳಿ ಗೊತ್ತು ಮಾಡಿಸಿದಿರಿ. ಆಮೇಲೂ ಬಾರದೆ ಹೋದರೆ? ಮೊದಲು ಬರುತ್ತಿದ್ದವರೂ ನಿಮ್ಮ ದನಿ ಕೇಳಿದೊಡನೆ ಬಾಗಿಲು ಹಾಕಿಕೊಂಡರೆ?

ಶಿರಾಳಕೊಪ್ಪದ ನಿರ್ಮಲಮ್ಮನ ಮನೆಯಲ್ಲಿ ಹಾಗೆ ಆಯಿತು. ಯಾರ ಕೈಯಲ್ಲೂ ಮೊಬೈಲ್ ಇಲ್ಲದ, ತೊಂಬತ್ತರ ದಶಕದ ಮಾತು ಇದು. ಸಮಾಧಾನವಾಗಿ ಕೇಳಿ.

ನಿರ್ಮಲಮ್ಮನದು ಶಾವಿಗೆ ಕೆಲಸ. ಶಿವರಾತ್ರಿ ಕಳೆದು ಬಿಸಿಲು ಬಲಿತರೆ ಶಾವಿಗೆ ಮಿಷನ್ನನ್ನು ಬೆಂಚಿಗೆ ಬಿಗಿದು ಶುರು ಮಾಡುವಳು. ನಾದಿದ ಹಿಟ್ಟನ್ನು ಮೇಲಿನಿಂದ ತುಂಬಿ ಹಿಡಿಕೆ ತಿರುಗಿಸಿದರೆ ಕೆಳಗೆ ಎಳೆ ಎಳೆಯಾಗಿ ಇಳಿಯುವುದು. ಅದನ್ನು ಬಿದಿರು ಕೋಲುಗಳ ಮೇಲೆ ಇಳಿಬಿಟ್ಟು ಹಿತ್ತಲಲ್ಲಿ ಒಣಗಿಸುವಳು. ಮುಂಗಾರಿನ ಮೋಡ ಕಂಡರೆ ಕೆಲಸ ನಿಂತಿತು. ಆ ನಡುವಿನ ಬಿಸಿಲಲ್ಲಿ ಮಾಡಿ ಮಾರಿದ್ದೇ ವರ್ಷದ ಆಸರೆ. ಗಂಡ ಕೊಟ್ರೇಶ ಆಟೋ ಓಡಿಸುತ್ತಿದ್ದ. ಅದರ ಬಾಡಿಗೆ ಊಟಕ್ಕೆ ಸರಿಹೋಗುತ್ತಿತ್ತು. ಮಗಳು ಶರಣ್ಯ ಹತ್ತನೇ ತರಗತಿ ಮುಗಿಸುವವಳಿದ್ದಳು. ಅವಳನ್ನು ಶಿಕಾರಿಪುರದ ಕಾಲೇಜಿಗೆ ಕಳಿಸಬೇಕಾದರೆ ಶಾವಿಗೆಯೇ ದಾರಿ.

ಕೊಟ್ರೇಶನ ತಾಯಿ ವೀರಮ್ಮ. ಅವಳಿಗೆ ಓದು ಬರದು. ಆದರೆ ಪುರಾಣದ ಸಾಲುಗಳು ಬಾಯಲ್ಲಿದ್ದವು. ಶ್ರಾವಣ ಬಂದರೆ ಸಂಜೆ ದೀಪ ಹಚ್ಚಿ, ವಿಭೂತಿ ಧರಿಸಿ, ಪಡಸಾಲೆಯಲ್ಲಿ ಕುಳಿತು ಹೇಳುವಳು. ಓಣಿಯ ಹೆಂಗಸರು ಸುತ್ತ ಕೂರುವರು. ಹೇಳುವವರು ಒಂದು ಸಾಲು ಮುಗಿಸಿ ನಿಂತಾಗ ಕೇಳುವವರು ಹೂಂ ಅನ್ನಬೇಕು. ಅದು ಅಲ್ಲಿಯ ಪದ್ಧತಿ. ಹೂಂ ಬರದಿದ್ದರೆ ವೀರಮ್ಮ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ.

"ಯಾಕ್ರವ್ವಾ, ನಿದ್ದಿ ಬಂತಾ? ಶಿವ ಕೈಲಾಸದಾಗೆ ಎದ್ದು ಕುಂತಾನೆ, ನೀವು ಮಲಗ್ರಿ" ಎಂದು ಕಾಲೆಳೆಯುವಳು.

ಎಲ್ಲರಿಗಿಂತ ತಪ್ಪದೆ ಹೂಂ ಅನ್ನುತ್ತಿದ್ದವಳು ಸೊಸೆ ನಿರ್ಮಲಮ್ಮ. ಒಲೆ ಮುಂದಿದ್ದರೂ, ಹಿಟ್ಟು ನಾದುತ್ತಿದ್ದರೂ ಅವಳ ಹೂಂ ಬರುತ್ತಿತ್ತು. ಅವಳು ಮಾತಿನವಳಲ್ಲ, ಕೇಳುವವಳು.

ಒಂದು ವರ್ಷ ಕೊಟ್ರೇಶ ಆಟೋದ ಮೇಲೆ ಮೈಕಿನ ಹಾರ್ನು ಕಟ್ಟಿದ. ಹಿಂದಿನ ಸೀಟಿನಲ್ಲಿ ಬ್ಯಾಟರಿ ಮತ್ತು ಟೇಪ್ ರೆಕಾರ್ಡರ್ ಇಟ್ಟ.

"ಅವ್ವಾ, ಶಾವಿಗೆ ಬಗ್ಗೆ ನೀನೇ ಒಂದೆರಡು ಮಾತು ಹೇಳು. ನಿನ್ನ ದನಿ ಸುತ್ತಲ ಹಳ್ಳಿಗೆಲ್ಲ ಗೊತ್ತೈತೆ."

"ಟಾಕೀಸಿನೋರು ಕೂಗ್ತಾರಲ್ಲ, ಹಂಗೆ ಕೂಗ್ಲಾ?" ವೀರಮ್ಮ ಕೇಳಿದಳು.

"ಬ್ಯಾಡ. ಮನಿಗೆ ಬಂದೋರ ಹತ್ರ ಮಾತಾಡ್ದಂಗೆ ಮಾತಾಡು."

ವೀರಮ್ಮ ಹಾಗೆಯೇ ಮಾತಾಡಿದಳು. "ಏನ್ರವ್ವಾ, ಅರಾಮ ಇದೀರಾ?" ಎಂದು ಕೇಳಿ ನಿಂತಳು. "ಮಕ್ಕಳು ಮರಿ ಉಂಡವಾ?" ಎಂದು ಕೇಳಿ ಮತ್ತೆ ನಿಂತಳು. ಪುರಾಣದಲ್ಲಿ ಹೂಂಗೆ ಬಿಡುವ ಜಾಗವನ್ನು ಕ್ಯಾಸೆಟ್ಟಿನಲ್ಲೂ ಬಿಟ್ಟಳು. ಆಮೇಲೆ ಮುಂದುವರಿಸಿದಳು. "ನಾನು ಶಿರಾಳಕೊಪ್ಪದ ವೀರಮ್ಮ. ನಮ್ಮನ್ಯಾಗೆ ಗೋಧಿ ಶಾವಿಗೆ ಐತೆ, ಅಕ್ಕಿ ಶಾವಿಗೆ ಐತೆ. ಬರ್ರವ್ವಾ. ನಾನು ಬಾಗಿಲಾಗೇ ಕುಂತಿರ್ತೀನಿ. ನಿಮ್ಮ ದಾರಿ ನೋಡ್ತಿರ್ತೀನಿ."

ಆ ಕ್ಯಾಸೆಟ್ಟಿಗೆ ಜನ ಒಲಿದರು. ಈಸೂರಿನಲ್ಲಿ ಆಟೋ ತಿರುಗಿದರೆ ಮಕ್ಕಳು ಹಿಂದೆ ಓಡುತ್ತ "ಹೂಂ ಅಜ್ಜಿ, ಉಂಡ್ವಿ" ಎಂದು ಕೂಗುತ್ತಿದ್ದರು. ಕುಪ್ಪಗಡ್ಡೆಯಲ್ಲಿ ಹೆಂಗಸರು ಮೊರ ಕೆಳಗಿಟ್ಟು "ಅರಾಮ ಇದೀವಿ ಮಾರಾಯ್ತಿ" ಎಂದು ನಗುತ್ತಿದ್ದರು. ಸಂತೆಗೆ ಬಂದವರು ಮನೆ ಹುಡುಕಿಕೊಂಡು ಬರುತ್ತಿದ್ದರು. ಬಾಗಿಲಲ್ಲಿ, ಗೋಡೆಗೆ ತಾಗಿಸಿ ಹಾಕಿದ ಮರದ ಮಣೆಯ ಮೇಲೆ ವೀರಮ್ಮ ನಿಜವಾಗಿಯೂ ಕುಳಿತಿರುತ್ತಿದ್ದಳು. ಬಂದವರಿಗೆ ನೀರು ಕೊಡುವಳು, ಶಾವಿಗೆ ಕೊಡುವಳು, ಹೋದ ಸಲದ ಶಾವಿಗೆ ಹೇಗಿತ್ತು ಎಂದು ಕೇಳುವಳು.

ಆ ವರ್ಷ ದೀಪಾವಳಿಯ ಮೇಲೆ ವೀರಮ್ಮ ಲಿಂಗೈಕ್ಯಳಾದಳು. ಜ್ವರ ಬಂತು, ಜ್ವರ ಹೋಯಿತು, ಅವಳೂ ಹೋದಳು.

ಮತ್ತೆ ಶಿವರಾತ್ರಿ ಕಳೆಯಿತು. ಹಿತ್ತಲಲ್ಲಿ ಬಿಳಿಯ ಎಳೆಗಳು ತೂಗಾಡತೊಡಗಿದವು. ಕೊಟ್ರೇಶ ಆಟೋ ತೊಳೆದು ಅದೇ ಕ್ಯಾಸೆಟ್ಟನ್ನು ಒರೆಸಿ ಹಾಕಿದ.

ನಿರ್ಮಲಮ್ಮ ಬಾಗಿಲಿಗೆ ಬಂದಳು. "ಏನ್ರೀ, ಅದನ್ನೇ ಹಾಕ್ತೀರಾ?"

"ಮತ್ತೆ ಯಾವುದು ಹಾಕ್ಲಿ?"

"ಅತ್ತಿ ಇಲ್ಲಲ್ರೀ."

"ದನಿ ಐತಲ್ಲ" ಎಂದ ಕೊಟ್ರೇಶ. "ಅವ್ವನ ದನಿ ಕೇಳಿ ಜನ ಬರ್ತಿದ್ರು. ನಿನ್ನ ದನಿ, ನನ್ನ ದನಿ ಯಾರಿಗೆ ಬೇಕು?"

ನಿರ್ಮಲಮ್ಮ ಒಳಗೆ ಹೋದಳು. ಅವಳು ವಾದ ಮಾಡುವವಳಲ್ಲ.

ಕ್ಯಾಸೆಟ್ಟು ತಿರುಗಿ ತಿರುಗಿ ಹಳೆಯದಾಗಿತ್ತು. ರೀಲು ಜಗ್ಗಿತ್ತು. ಬ್ಯಾಟರಿ ಇಳಿದಾಗ ವೀರಮ್ಮನ ದನಿ ದಪ್ಪವಾಗುತ್ತಿತ್ತು, ನಿಧಾನವಾಗುತ್ತಿತ್ತು, ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. "ನಿಮ್ಮ ದಾರಿ... ನೋಡ್ತಿರ್ತೀನಿ..." ಎಂಬ ಮಾತು ಗದ್ದೆಯ ಮೇಲೆ ತೇಲಿ ಹೋಗಿ ಆಚೆ ದಂಡೆಯ ಮರಗಳಿಗೆ ತಾಗಿ ಹಿಂದಕ್ಕೆ ಬರುತ್ತಿತ್ತು.

ಮಕ್ಕಳು ಆಟೋ ಹಿಂದೆ ಓಡಲಿಲ್ಲ. ದನಿ ಕೇಳಿದೊಡನೆ ಅಮ್ಮಂದಿರು ಅವರ ರೆಟ್ಟೆ ಹಿಡಿದು ಒಳಗೆ ಎಳೆದುಕೊಂಡರು. "ಅರಾಮ ಇದೀರಾ?" ಎಂದು ಹಾರ್ನು ಕೇಳುವುದು. ಆಮೇಲೆ ಆ ಬಿಡುವು. ಆ ಬಿಡುವಿನಲ್ಲಿ ಇಡೀ ಓಣಿಯಲ್ಲಿ ಒಂದು ಸೊಲ್ಲಿಲ್ಲ. ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದವರು ಹಗ್ಗ ಹಿಡಿದು ಹಾಗೆಯೇ ನಿಂತುಬಿಡುವರು. ಕೊಡ ಬಾವಿಯ ನಡುವೆ ತೂಗುತ್ತಿರುವುದು. ಆಟೋ ದಾಟಿದ ಮೇಲೆಯೇ ರಾಟೆ ಮತ್ತೆ ಕಿರುಗುಟ್ಟುವುದು.

ಬಾಗಿಲುಗಳ ಮೇಲೆ ಇದ್ದಿಲಲ್ಲಿ, ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದದ್ದನ್ನು ಕೊಟ್ರೇಶ ಕಂಡ. ಆ ದಿನಗಳಲ್ಲಿ ಅಂಥ ಸುದ್ದಿ ಹಬ್ಬಿತ್ತು. ಸಂಜೆಯಾದ ಮೇಲೆ ಏನೋ ಒಂದು ಬಂದು ಗುರುತಿನವರ ದನಿಯಲ್ಲೇ ಕರೆಯುತ್ತದೆ, ಓಗೊಟ್ಟರೆ ಕೆಡುಕು ಎಂದು ಜನ ಆಡಿಕೊಳ್ಳುತ್ತಿದ್ದರು. ಬಾಗಿಲ ಮೇಲೆ ಹಾಗೆ ಬರೆದಿದ್ದರೆ ಅದು ಓದಿಕೊಂಡು ಹಿಂದಿರುಗುತ್ತದಂತೆ. ಮರುದಿನ ಬಂದರೂ ಅದೇ ಬರಹ.

ಕೊಟ್ರೇಶ ಮನೆಗೆ ಬಂದು ನಕ್ಕ. "ದೆವ್ವಕ್ಕೂ ಕನ್ನಡ ಓದಾಕೆ ಬರ್ತದೆ ನೋಡು. ನಮ್ಮವ್ವಂಗೆ ಬರ್ಲಿಲ್ಲ."

ನಿರ್ಮಲಮ್ಮ ನಗಲಿಲ್ಲ. ಅವಳು ಕಟ್ಟಿಟ್ಟ ಶಾವಿಗೆಯ ಪೊಟ್ಟಣಗಳನ್ನು ನೋಡುತ್ತಿದ್ದಳು. ಬೆಳಿಗ್ಗೆ ಆಟೋದಲ್ಲಿ ತುಂಬಿ ಕಳಿಸಿದ್ದು ಹಾಗೆಯೇ ಹಿಂದಕ್ಕೆ ಬಂದಿತ್ತು. ಯುಗಾದಿ ಹತ್ತಿರವಾಗಿತ್ತು. ಹೀಗೇ ಆದರೆ ಮಿಷನ್ನು ಬಿಚ್ಚಿ ಅಟ್ಟಕ್ಕೆ ಹಾಕಬೇಕು. ಶರಣ್ಯಳ ಓದು ಹತ್ತಕ್ಕೇ ನಿಲ್ಲುತ್ತದೆ.

ಸಂತೆಯ ದಿನ ಮಧ್ಯಾಹ್ನ ಸೊರಬದ ಆಚೆಯ ಹಳ್ಳಿಯಿಂದ ಒಬ್ಬ ಹೆಂಗಸು ಬಂದಳು. ವೀರಮ್ಮ ಕೂರುತ್ತಿದ್ದ ಮಣೆಯ ಮೇಲೆ ಕುಳಿತು, ಚೀಲ ಪಕ್ಕಕ್ಕಿಟ್ಟು, ಸೆರಗಿನಿಂದ ಗಾಳಿ ಹಾಕಿಕೊಂಡಳು.

"ಅಕ್ಕಿ ಶಾವಿಗೆ ಬೇಕಿತ್ತು. ಅಜ್ಜಿನ ಕರೀರಿ" ಎಂದಳು.

"ಅಕ್ಕಿದು ಈ ವರ್ಷ ಮಾಡ್ತಾ ಇಲ್ಲ. ಗೋಧಿದು ಐತೆ" ಎಂದಳು ನಿರ್ಮಲಮ್ಮ.

"ಐತೆ ಅಂತ ಅಜ್ಜಿನೇ ಹೇಳಿದ್ರಲ್ಲ. ಬಾಗಿಲಾಗೇ ಕೂತಿರ್ತೀನಿ, ಬಾ ಅಂದ್ರು. ಎಲ್ಲಿ ಅವ್ರು?"

ನಿರ್ಮಲಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಅತ್ತಿ ತೀರಿಕೊಂಡ್ರು. ದೀಪಾವಳಿ ಮೇಲೆ."

"ನಿನ್ನೆ ಕರೆದ್ರು" ಎಂದಳು ಆ ಹೆಂಗಸು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೆಂಗಸು ತಾನು ಕುಳಿತಿದ್ದ ಮಣೆಯತ್ತ ಕಣ್ಣು ಇಳಿಸಿದಳು. ಮೆಲ್ಲನೆ ಎದ್ದಳು. ಬೆನ್ನು ತಿರುಗಿಸದೆ, ಹಿಂದು ಹಿಂದಕ್ಕೆ ಹೆಜ್ಜೆ ಇಟ್ಟು ಬೀದಿಗೆ ಇಳಿದಳು. ಚೀಲ ಅಲ್ಲೇ ಉಳಿಯಿತು. ನಿರ್ಮಲಮ್ಮ ಅದನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ತನಕ ಹೋದಳು. ಅವಳು ಸಿಗಲಿಲ್ಲ.

ಅದಾದ ಕೆಲವು ದಿನಕ್ಕೆ ಕೊಟ್ರೇಶ ಕುಪ್ಪಗಡ್ಡೆ ಕಡೆಯಿಂದ ಹಿಂದಿರುಗುತ್ತಿದ್ದ. ಹೊತ್ತು ಮುಳುಗುತ್ತಿತ್ತು. ಕೆರೆಯ ಏರಿಯ ಮೇಲೆ ಆಟೋ ನಿಂತುಹೋಯಿತು. ಅವನು ಕೆಳಗಿಳಿದು ಪ್ಲಗ್ಗು ಬಿಚ್ಚಿ ಒರೆಸತೊಡಗಿದ. ಇಂಜಿನ್ನಿನ ಸದ್ದು ಅಡಗಿತ್ತು. ಟೇಪು ಮಾತ್ರ ತಿರುಗುತ್ತಿತ್ತು.

"ಏನ್ರವ್ವಾ, ಅರಾಮ ಇದೀರಾ?"

ಬಿಡುವು.

"ಹೂಂ."

ಕೊಟ್ರೇಶ ತಲೆಯೆತ್ತಿದ. ಏರಿಯ ಮೇಲೆ ಯಾರೂ ಇರಲಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಕೊಯ್ದ ಗದ್ದೆ.

"ಮಕ್ಕಳು ಮರಿ ಉಂಡವಾ?"

ಬಿಡುವು. ನೀರಿನಂಚಿನಲ್ಲಿ ಒಂದು ಕೊಕ್ಕರೆ ರೆಕ್ಕೆ ಬಿಚ್ಚಿತು.

"ಹೂಂ."

ಈ ಸಲ ಅವನಿಗೆ ಸರಿಯಾಗಿ ಕೇಳಿತು. ಸಣ್ಣ ದನಿ. ಎಲ್ಲೋ ದೂರದ್ದಲ್ಲ, ಆಟೋದ ಒಳಗಿನದು. ತಾಯಿಯ ಬೆನ್ನ ಹಿಂದೆ ಯಾರೋ ಕುಳಿತು ಉತ್ತರ ಕೊಟ್ಟ ಹಾಗೆ. ಅವನು ಹಿಂದಿನ ಸೀಟಿನತ್ತ ಬಗ್ಗಿ ನೋಡಿದ. ಪೊಟ್ಟಣಗಳು, ಬ್ಯಾಟರಿ, ತಿರುಗುವ ಕ್ಯಾಸೆಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಇಷ್ಟು ದಿನ ಇಂಜಿನ್ನಿನ ಗದ್ದಲದಲ್ಲಿ ಮುಂದೆ ಕುಳಿತು ಓಡಿಸುತ್ತಿದ್ದವನಿಗೆ ಕೇಳಿಸದ್ದು ಈಗ ಕೇಳಿಸಿತ್ತು. ಅವನು ಗುಂಡಿ ಒತ್ತಿ ಟೇಪು ನಿಲ್ಲಿಸಿದ. ಪಂಚಾಕ್ಷರಿ ಹೇಳಿಕೊಳ್ಳುತ್ತ ಆಟೋ ತಳ್ಳಿ ಶುರು ಮಾಡಿ ಮನೆ ಸೇರಿದ.

ಮನೆಯಲ್ಲಿ ಕರುಣಾ ಬಂದು ಕುಳಿತಿದ್ದಳು. ಕರುಣಾ ಕುಪ್ಪಗಡ್ಡೆಯವಳು. ಅಲ್ಲಿಯ ಹೆಂಗಸರ ಸಂಘ ನೋಡಿಕೊಳ್ಳುತ್ತಿದ್ದಳು. ಮನೆ ಮನೆಗೂ ಹೋಗಿ ಮಾತಾಡಿಸುವುದು ಅವಳ ಕೆಲಸ. ಸಂಘಕ್ಕೆ ಶಾವಿಗೆ ಒಯ್ಯುತ್ತಿದ್ದವಳೂ ಅವಳೇ. ನಿರ್ಮಲಮ್ಮನಿಗೆ ಹಳೆಯ ಗೆಳತಿ. ಪಕ್ಕದಲ್ಲಿ, ಸೊರಬದ ಆಚೆಯ ಹೆಂಗಸು ಬಿಟ್ಟುಹೋದ ಚೀಲ ಇತ್ತು.

"ಕೊಟ್ರೇಶಣ್ಣ, ಈ ಚೀಲದವರು ನಮ್ಮ ಕಡೆಯೋರೇ. ತಗಂಡು ಹೋಗಿ ಕೊಡ್ತೀನಿ. ಅವ್ರಿಗೆ ಬರೋಕೆ ಹೆದರಿಕೆಯಂತೆ" ಎಂದಳು ಕರುಣಾ.

ಕೊಟ್ರೇಶ ಜಗಲಿಯ ಮೇಲೆ ಕುಸಿದ.

"ಎಂತ ಆಯ್ತು? ಮುಖ ಸುಣ್ಣ ಆಗಿದ್ಯಲ್ಲ."

"ಏನಿಲ್ಲ" ಎಂದ. ನೀರು ಕುಡಿದ. ಆಮೇಲೆ ಹೇಳಿದ. "ಅವ್ವನ ಕ್ಯಾಸೆಟ್ಟಿಗೆ ಯಾರೋ ಹೂಂ ಅಂತಾರೆ."

ಕರುಣಾ ಬೆಚ್ಚಲಿಲ್ಲ. "ನಮ್ಮೂರಲ್ಲೂ ಅದನ್ನೇ ಹೇಳ್ತಾರೆ. ಸತ್ತೋರು ಕರೀತಾರೆ, ಒಳಗೆ ಕೂತು ಇನ್ಯಾರೋ ಹೂಂ ಅಂತಾರೆ ಅಂತ. ಬಾಗಿಲ ಮೇಲೆ ಬರೆದದ್ದು ನೋಡಿದ್ರಲ್ಲ?"

"ಅದು ಯಾವುದೋ ದೆವ್ವಕ್ಕೆ ಬರೆದದ್ದು."

"ಬೇರೆ ಊರಲ್ಲಿ ಇರಬೌದು. ನೀವು ಮೈಕ್ ತಗಂಡು ಹೋಗೋ ದಾರಿ ಬಿಟ್ಟು ಆಚೆ ಓಣಿಗೆ ಹೋಗಿ ನೋಡಿ. ಒಂದು ಬಾಗಿಲ ಮೇಲೂ ಇಲ್ಲ." ಕರುಣಾ ದನಿ ತಗ್ಗಿಸಿದಳು. "ಅದು ನಿಮ್ಮ ಅವ್ವಂಗೆ ಬರೆದದ್ದು ಅಣ್ಣ."

ಕೊಟ್ರೇಶ ಅವಳನ್ನೇ ನೋಡಿದ. ಅವನ ಬಾಯಿಂದ ಬಂದದ್ದು ಇಷ್ಟೇ. "ಅವ್ವಂಗೆ ಓದಾಕೆ ಬರ್ತಿರ್ಲಿಲ್ಲ."

ಹಿತ್ತಲಲ್ಲಿ ಒಣಗಿದ ಎಳೆಗಳು ಗಾಳಿಗೆ ಒಂದಕ್ಕೊಂದು ತಾಗಿ ಸರಸರ ಸದ್ದು ಮಾಡುತ್ತಿದ್ದವು.

ನಿರ್ಮಲಮ್ಮ ಎದ್ದು ಹೋಗಿ ಟೇಪ್ ರೆಕಾರ್ಡರನ್ನು ಒಳಗೆ ತಂದಳು. "ಹಾಕ್ರಿ, ಕೇಳಾಣ" ಎಂದಳು.

"ಬ್ಯಾಡ" ಎಂದ ಕೊಟ್ರೇಶ.

ಅವಳೇ ಗುಂಡಿ ಒತ್ತಿದಳು. ಹಾರ್ನು ಇಲ್ಲದೆ, ಸಣ್ಣಗೆ ಅತ್ತೆಯ ದನಿ ಬಂತು. ಅರಾಮ ಇದೀರಾ? ಬಿಡುವು. ಆ ಬಿಡುವಿನ ತಳದಲ್ಲಿ, ಉಸಿರಿನಷ್ಟು ಸಣ್ಣಗೆ, ಹೂಂ. ಕರುಣಾಳ ಕೈ ಮೇಲೂ ರೋಮ ನಿಂತಿತು.

ನಿರ್ಮಲಮ್ಮ ಇನ್ನೊಮ್ಮೆ ತಿರುಗಿಸಿ ಕೇಳಿದಳು. ಕಣ್ಣು ಮುಚ್ಚಿಕೊಂಡಳು. "ಅದು ನಾನು" ಎಂದಳು.

"ಏನು?"

"ಅತ್ತಿ ಪಡಸಾಲ್ಯಾಗೆ ಕುಂತು ಹೇಳ್ತಿದ್ರು. ನಾನು ಅಡಗಿಮನ್ಯಾಗೆ ಹಿಟ್ಟು ನಾದ್ತಿದ್ದೆ. ಅವರು ನಿಂತ ಕಡೆ ಬಾಯಿ ತಾನೇ ಹೂಂ ಅಂದೈತೆ. ಯಾವಾಗಲೂ ಅಂತಿದ್ನಲ್ಲ."

ಕೊಟ್ರೇಶ ಗೋಡೆಗೆ ತಲೆ ಆನಿಸಿದ. ಭಯ ಇಳಿಯಿತು. ಅದು ಇಳಿದ ಜಾಗದಲ್ಲಿ ದುಃಖ ತುಂಬಿಕೊಂಡಿತು. "ಅಂಗಾದ್ರೆ ಇದ್ರಾಗೆ ತಪ್ಪೇನೂ ಇಲ್ಲ. ಮನಿ ದನಿನೇ. ಜನಕ್ಕೆ ತಿಳಿಸಿ ಹೇಳಿದ್ರಾಯ್ತು" ಎಂದ. "ಇದನ್ನ ನಿಲ್ಸಿದ್ರೆ ಅವ್ವನ್ನ ಇನ್ನೊಂದ್ಸಲ ಕಳಿಸ್ದಂಗೆ."

"ನಿಲ್ಸದೇ ಇದ್ರೆ ಎಂತ ಆಗ್ತಿದೆ ಗೊತ್ತಾ?" ಕರುಣಾ ಕೇಳಿದಳು. "ಅಜ್ಜಿನ ದಿನಾ ಬೀದಿಲಿ ನಿಲ್ಲಿಸ್ತಾ ಇದೀರಿ. ಜನ ಅವ್ರ ಮುಖಕ್ಕೆ ಬಾಗಿಲು ಹಾಕ್ತಾ ಇದಾರೆ. ಬದುಕಿದ್ದಾಗ ಯಾರಾದ್ರೂ ಅವ್ರಿಗೆ ಬಾಗಿಲು ಹಾಕಿದ್ರಾ?"

ಕೊಟ್ರೇಶ ಕಣ್ಣೊರೆಸಿಕೊಂಡ. ಇಲ್ಲ ಎಂದು ತಲೆಯಾಡಿಸಿದ.

"ಅಜ್ಜಿ ಕರೆದ್ರೆ ಜನ ಎಂತಕ್ಕೆ ಬರ್ತಿದ್ರು? ದನಿ ಚಂದ ಅಂತಲ್ಲ. ಹೇಳಿದ್ದು ನಿಜ ಇರ್ತಿತ್ತು. ಬಾಗಿಲಲ್ಲಿ ಇರ್ತೀನಿ ಅಂದ್ರು, ಇದ್ರು. ಅಕ್ಕಿ ಶಾವಿಗೆ ಐತೆ ಅಂದ್ರು, ಇತ್ತು. ಈಗ ಆ ಕ್ಯಾಸೆಟ್ಟಲ್ಲಿ ಒಂದಾದ್ರೂ ನಿಜ ಉಳಿದದ್ಯಾ? ಪಾಪದವಳು ಅಷ್ಟು ದೂರದಿಂದ ಬಂದು ಚೀಲ ಬಿಟ್ಟು ಓಡಿದ್ಲು."

"ಮತ್ತೆ ಏನ್ ಮಾಡಾಣ ಅಂತೀಯ?"

"ಇವತ್ತಿನ ಮಾತು ಹೇಳಿ. ಎಂತ ಇದೆ, ಎಂತ ಇಲ್ಲ, ಮನೆ ಎಲ್ಲಿ, ಯಾವ ಹೊತ್ತಿಗೆ ಬಂದ್ರೆ ಸಿಗ್ತೀರಿ, ಅಷ್ಟು ಸಾಕು. ಆನಂದಪ್ಪನವ್ರ ಅಂಗಡಿಲಿ ಫೋನ್ ಇದೆಯಲ್ಲ, ಕೇಳ್ಕೊಂಡು ಆ ನಂಬರ್ ಹೇಳಿ. ಮತ್ತೆ ಅಣ್ಣ, ಬೈಬೇಡಿ, ಒಂದು ಮಾತು. ಸಾಲೆ ಪರೀಕ್ಷೆ ನಡೀವಾಗ ಕಿಟಕಿ ಕೆಳಗೆ ಮೈಕ್ ಹಾಕ್ಕಂಡು ನಿಂತಿದ್ರಿ. ಸಾವಾದ ಮನೆ ಮುಂದೂ ಅದೇ ಕ್ಯಾಸೆಟ್ಟು. ಅವತ್ತಿಂದ ಆ ಓಣಿಯೋರು ನಿಮ್ಮ ಆಟೋ ಕಂಡ್ರೆ ಮುಖ ತಿರುಗಿಸ್ತಾರೆ."

"ಜೋರಾಗಿ ಹಾಕಿದ್ರೆ ತಾನೇ ಕೇಳೋದು" ಎಂದು ಕೊಟ್ರೇಶ ಗೊಣಗಿದ.

"ಕೇಳಿಸ್ತದೆ. ಆದ್ರೆ ನಿಮಗೆ ಅವ್ರು ಹೇಳೋದು ಕೇಳಿಸ್ತದಾ? ಆಟೋ ನಿಲ್ಲಿಸೋದೇ ಇಲ್ವಲ್ಲ ನೀವು. ಅಜ್ಜಿ ಹೂಂಗೆ ಅಂತ ಜಾಗ ಬಿಟ್ರು. ನೀವು ಆ ಜಾಗದಲ್ಲೂ ಗಾಡಿ ಓಡಿಸ್ಕಂಡು ಹೋದ್ರಿ."

ಕೊಟ್ರೇಶನಿಗೆ ಈ ಮಾತು ನಾಟಿತು. ಅವನು ಕ್ಯಾಸೆಟ್ಟನ್ನು ಮೆಲ್ಲನೆ ಹೊರತೆಗೆದ. ಎರಡೂ ಕೈಯಲ್ಲಿ ಹಿಡಿದು ದೇವರ ಕೋಣೆಗೆ ಒಯ್ದು, ವಿಭೂತಿ ಗಟ್ಟಿಯ ಪಕ್ಕ ಇಟ್ಟ. ಹೊರಗೆ ಬಂದು ಹೆಂಡತಿಯ ಮುಂದೆ ನಿಂತ.

"ಹೊಸದು ಒಂದು ಮಾಡಾಣ. ನೀನು ಮಾತಾಡು."

"ನಾನಾ?" ನಿರ್ಮಲಮ್ಮ ಹಿಂದೆ ಸರಿದಳು. "ನಂಗೆ ಹೂಂ ಅನ್ನಾಕಷ್ಟೇ ಬರೋದು."

"ಇಷ್ಟು ವರ್ಷ ಕೇಳಿದೀಯಲ್ಲಕ್ಕ" ಎಂದಳು ಕರುಣಾ. "ಜನ ಹೆಂಗೆ ಕೇಳ್ತಾರೆ ಅಂತ ನಿನಗಿಂತ ಯಾರಿಗೆ ಗೊತ್ತು? ಈ ಸಲ ಹೂಂ ಅನ್ನೋ ಕೆಲಸ ನಂದು."

ಕರುಣಾ ಆ ರಾತ್ರಿ ಅಲ್ಲೇ ಉಳಿದಳು. ಮರುದಿನ ಬೆಳಿಗ್ಗೆ ನಿರ್ಮಲಮ್ಮ ಪಡಸಾಲೆಯಲ್ಲಿ ಅವಳೆದುರು ಕುಳಿತಳು. ಮಾತು ತೆಗೆದು ಎರಡು ಸಲ ನಿಲ್ಲಿಸಿದಳು. ಶರಣ್ಯ ಮುಸಿಮುಸಿ ನಕ್ಕಿದ್ದಕ್ಕೆ ಇನ್ನೊಂದು ಸಲ ನಿಂತಿತು. ಕೊನೆಗೆ ದೇವರ ಕೋಣೆಯತ್ತ ಒಮ್ಮೆ ನೋಡಿ ಶುರು ಮಾಡಿದಳು.

"ಅಕ್ಕೋರೇ, ಅರಾಮ ಇದೀರಾ? ನಾನು ನಿರ್ಮಲ, ಶಿರಾಳಕೊಪ್ಪದ ವೀರಮ್ಮನ ಸೊಸೆ. ನಮ್ಮತ್ತಿ ದೀಪಾವಳಿ ಮೇಲೆ ಶಿವನ ಪಾದ ಸೇರಿದ್ರು. ಅವರು ಇಲ್ಲ ಅಂತ ಮೊದ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪಾತು. ಅವರು ಕಲಿಸಿದ ಹಂಗೆ ನಾನು ಶಾವಿಗೆ ಮಾಡ್ತೀನಿ. ಗೋಧಿದು ಐತೆ. ಅಕ್ಕಿದು ಈ ಸಲ ಇಲ್ಲ. ಊಟದ ಹೊತ್ತಿನ ಮೇಲೆ ಬಂದ್ರೆ ನಾನು ಸಿಗ್ತೀನಿ. ಬರಾಕಾಗದೋರು ಆನಂದಪ್ಪನೋರ ಅಂಗಡಿಗೆ ಫೋನ್ ಮಾಡ್ರಿ. ಹೋದ್ಸಲದ್ದು ಹೆಂಗಿತ್ತು ಅಂತಾನೂ ಹೇಳ್ರಿ. ಕೇಳ್ತೀನಿ."

ಆಮೇಲೆ ನಂಬರು ಹೇಳಿದಳು, ನಿಧಾನವಾಗಿ.

ಮೊದಲು ಹೋದದ್ದು ಈಸೂರಿಗೆ. ನಿರ್ಮಲಮ್ಮ ತಾನೂ ಆಟೋದಲ್ಲಿ ಕುಳಿತಳು. ಬೆಲ್ಲ ಹಾಲು ಹಾಕಿ ಬೇಯಿಸಿದ ಶಾವಿಗೆಯನ್ನು ಪಾತ್ರೆಯಲ್ಲಿ ಇಟ್ಟುಕೊಂಡಿದ್ದಳು, ರುಚಿ ನೋಡುವವರಿಗೆ. ಓಣಿಯ ನಡುವೆ ಕೊಟ್ರೇಶ ಇಂಜಿನ್ನು ಆರಿಸಿದ. ಹಾರ್ನಿನ ಸದ್ದು ತಗ್ಗಿಸಿದ. ಕ್ಯಾಸೆಟ್ಟು ಒಂದು ಸಲ ಮುಗಿಯಿತು. ಅವನು ಅದನ್ನು ನಿಲ್ಲಿಸಿದ.

ಸೊಲ್ಲಿಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು. ಪ್ರತಿ ಬಾಗಿಲ ಮೇಲೂ ಕಪ್ಪು ಅಕ್ಷರ. ಬಿಸಿಲಲ್ಲಿ ಓಣಿ ಬಾಯಿ ಮುಚ್ಚಿಕೊಂಡು ನಿಂತಿತ್ತು. ಹೊರಟುಬಿಡೋಣ ಎಂದು ಕೊಟ್ರೇಶ ಕೀಲಿಗೆ ಕೈ ಹಾಕಿದ. ಅವಳು ಅವನ ತೋಳು ಮುಟ್ಟಿ ತಡೆದಳು. ಇದು ಹೂಂಗೆ ಬಿಡುವ ಜಾಗ. ಅವಳಿಗೆ ಅದರ ಅಳತೆ ಗೊತ್ತಿತ್ತು. ಕೆಳಗಿಳಿದು ಬಾಗಿಲಿನಿಂದ ಬಾಗಿಲಿಗೆ ಕಣ್ಣು ಹಾಯಿಸುತ್ತ, ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ಕಾದಳು.

ಒಂದು ಬಾಗಿಲ ಸಂದಿಯಿಂದ ಒಣಗಿದ ದನಿ ಬಂತು. "ಹೂಂ."

ಬಾಗಿಲು ಗೇಣಗಲ ತೆರೆಯಿತು. ಹುಲಿಗೆಮ್ಮ ಎಂಬ ಮುದುಕಿ. ವೀರಮ್ಮನ ಬಳಿ ತಪ್ಪದೆ ಶಾವಿಗೆ ಕೊಳ್ಳುತ್ತಿದ್ದವಳು. "ಯಾರವ್ವಾ ನೀನು? ಮನುಷಳೇ ತಾನೇ?"

"ಮನುಷಳೇ ಅಜ್ಜಿ. ಮುಟ್ಟಿ ನೋಡ್ರಿ" ಎಂದು ನಿರ್ಮಲಮ್ಮ ಕೈ ಚಾಚಿದಳು.

ಹುಲಿಗೆಮ್ಮ ನಿಜವಾಗಿಯೂ ಮುಟ್ಟಿ ನೋಡಿದಳು. ಕೈ ಬೆಚ್ಚಗಿತ್ತು. ಕೊಟ್ಟ ಶಾವಿಗೆಯನ್ನು ಬಾಯಿಗೆ ಹಾಕಿಕೊಂಡು, ತುಸು ಹೊತ್ತು ಬಿಟ್ಟು ಬೈಯತೊಡಗಿದಳು. "ದೆವ್ವದ ಮಾತು ಅತ್ಲಾಗಿರ್ಲಿ. ಹೋದ್ಸಲ ಕಡೀಗೆ ತಂದ ಶಾವಿಗೆ ಬೇಯಾಕಿಟ್ರೆ ಮುದ್ದಿ ಆತು. ಬೀಗರ ಮುಂದೆ ಮಾನ ಹೋತು. ಹೇಳಾಣ ಅಂತ ಆಟೋ ಹಿಂದೆ ಕೂಗ್ಕಂಡು ಬಂದೆ. ನಿನ್ ಗಂಡ ಹಿಂದಕ್ ತಿರುಗಿದ್ರೆ ಕೇಳು."

ಕೊಟ್ರೇಶ ನೆಲ ನೋಡಿದ.

"ಹೌದಜ್ಜಿ, ಆಗ ಬೇರೆ ಗಿರಣಿಗೆ ಹಾಕಿ ಹಿಟ್ಟು ಬದಲಾಗಿತ್ತು. ಈಗ ಆ ಗಿರಣಿಗೆ ಹಾಕ್ತಿಲ್ಲ" ಎಂದಳು ನಿರ್ಮಲಮ್ಮ. "ಹಾಳಾಗಿದ್ದಕ್ಕೆ ಬದಲಿ ತಗಳ್ರಿ ಇದು." ಒಂದು ಪೊಟ್ಟಣ ಕೊಟ್ಟಳು.

ಮುದುಕಿ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಪಕ್ಕದ ಬಾಗಿಲು ತೆರೆಯಿತು. ಎದುರಿನದೂ ತೆರೆಯಿತು. ಹಾಗಾದರೆ ಜನ ಬಾರದೆ ಹೋದದ್ದು ಬರೀ ಭಯದಿಂದಲ್ಲ. ಒಬ್ಬಳಿಗೆ ಶಾವಿಗೆ ಮುದ್ದೆಯಾಗಿತ್ತು, ಇನ್ನೊಬ್ಬಳ ಮನೆಯಲ್ಲಿ ಎಳೆಗೂಸು ಮೈಕಿಗೆ ಬೆಚ್ಚಿತ್ತು. ಹೇಳಲು ಎಲ್ಲರಿಗೂ ಮಾತಿತ್ತು, ಕೇಳುವವರು ನಿಂತಿರಲಿಲ್ಲ ಅಷ್ಟೇ. ಹೊರಡುವಾಗ ಪಾತ್ರೆ ಖಾಲಿಯಾಗಿತ್ತು. ಪೊಟ್ಟಣಗಳು ಎಲ್ಲ ಹೋಗಲಿಲ್ಲ, ಸುಮಾರು ಹೋದವು. ಮರು ವಾರ ಆನಂದಪ್ಪ ಅಂಗಡಿಯಿಂದ ಕೂಗಿದ. "ನಿರ್ಮಲಕ್ಕಾ, ಕುಪ್ಪಗಡ್ಡೆಯಿಂದ ಫೋನು. ಮದುವೆ ಮನೆಯೋರು. ಅಕ್ಕಿದು ಇಲ್ಲಂತ ಗೊತ್ತು, ಗೋಧಿದೇ ಇರ್ಲಿ ಅಂತಾರೆ."

ಯುಗಾದಿಯ ಹಿಂದಿನ ದಿನ ಕೊಟ್ರೇಶ ಮತ್ತೆ ಈಸೂರಿಗೆ ಹೋದ. ಹುಲಿಗೆಮ್ಮ ಹಬ್ಬಕ್ಕೆಂದು ಬಾಗಿಲು ತೊಳೆಯುತ್ತಿದ್ದಳು. ಒದ್ದೆ ಬಟ್ಟೆಯಿಂದ ಒರೆಸುತ್ತ ಬಂದವಳು 'ನಾಳೆ' ಎಂಬುದನ್ನು ಅಳಿಸಿದಳು. ಅಲ್ಲಿಗೆ ಕೈ ನಿಲ್ಲಿಸಿದಳು. ಬಾಗಿಲ ಮೇಲೆ 'ಬಾ' ಎಂಬುದೊಂದೇ ಉಳಿಯಿತು. ಕೊಟ್ರೇಶ ಅದನ್ನು ನೋಡುತ್ತ ನಿಂತ. ಆಮೇಲೆ ಕಣ್ಣು ತುಂಬಿಕೊಂಡು ಆಟೋ ಏರಿದ.

ಮುಂಗಾರು ಬರುವ ಹೊತ್ತಿಗೆ ಶಾವಿಗೆ ಮುಗಿದಿತ್ತು. ಶರಣ್ಯ ಶಿಕಾರಿಪುರದ ಬಸ್ಸು ಹತ್ತಿದಳು. ವೀರಮ್ಮನ ಕ್ಯಾಸೆಟ್ಟನ್ನು ವರ್ಷಕ್ಕೊಮ್ಮೆ, ಅವಳ ಪುಣ್ಯಸ್ಮರಣೆಯ ದಿನ, ದೀಪ ಹಚ್ಚಿ ಪಡಸಾಲೆಯಲ್ಲಿ ಹಾಕುತ್ತಾರೆ. ಮನೆಯವರೆಲ್ಲ ಕುಳಿತು ಕೇಳುತ್ತಾರೆ. ಅವಳು ನಿಂತಲ್ಲಿ ಎಲ್ಲರೂ ಹೂಂ ಅನ್ನುತ್ತಾರೆ. ಟೇಪಿನ ಒಳಗಿಂದಲೂ ಒಂದು ಹೂಂ ಬರುತ್ತದೆ. ಈಗ ಅದಕ್ಕೆ ಯಾರೂ ಹೆದರುವುದಿಲ್ಲ.

ಸಣ್ಣ ಕಸುಬು ಮಾಡುವ ಅಕ್ಕಂದಿರೇ, ಅಣ್ಣಂದಿರೇ, ಈಗ ಆ ಹಾರ್ನು ನಿಮ್ಮ ಅಂಗೈಯಲ್ಲೇ ಇದೆ. ವಾಟ್ಸಾಪ್‌ನಲ್ಲಿ, ಫೇಸ್‌ಬುಕ್‌ನಲ್ಲಿ ನೀವು ಒಂದು ಮಾತು ಹಾಕಿದರೆ ನೀವು ಮಲಗಿದ ಮೇಲೂ ಅದು ಊರೂರು ತಿರುಗುತ್ತಿರುತ್ತದೆ. ಹಾಗಾಗಿ ಇವತ್ತೇ ಒಮ್ಮೆ ತೆರೆದು ನೋಡಿ. ನೀವು ಮಾಡುವುದನ್ನು ಬಿಟ್ಟ ಪದಾರ್ಥದ ಫೋಟೋ ಅಲ್ಲಿ ಇನ್ನೂ ಜನರನ್ನು ಕರೆಯುತ್ತಿದೆಯೇ? ಬದಲಾದ ನಂಬರು, ಬಿಟ್ಟುಬಂದ ಅಂಗಡಿಯ ವಿಳಾಸ ಇನ್ನೂ ಬಾಗಿಲಲ್ಲಿ ಕುಳಿತಿದೆಯೇ? ಅದನ್ನು ತೆಗೆಯಿರಿ. ನೀವೇ ತೆಗೆದ ಇವತ್ತಿನ ಫೋಟೋ ಹಾಕಿ. ಏನಿದೆ, ಏನಿಲ್ಲ, ಎಲ್ಲಿ, ಯಾವಾಗ ಎಂಬುದನ್ನು ನಿಮ್ಮದೇ ಮಾತಿನಲ್ಲಿ ಹೇಳಿ. ಕಂಡ ಕಂಡ ಗುಂಪಿಗೆಲ್ಲ ಹಗಲಿರುಳು ಕಳಿಸಬೇಡಿ, ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಯಾರಾದರೂ ದೂರು ಬರೆದರೆ ಅಳಿಸಬೇಡಿ, ಉತ್ತರ ಕೊಡಿ, ಸರಿಪಡಿಸಿ.

ಹೇಳಿದ ಮೇಲೆ ತುಸು ನಿಲ್ಲಿ. ಫೋನಿನ ಆ ಕಡೆ, ನಿಮ್ಮ ಮಾತು ಮುಗಿಯುವುದನ್ನೇ ಕಾಯುತ್ತ ಯಾರೋ ಒಬ್ಬರು ಹೂಂ ಅನ್ನುತ್ತಿದ್ದಾರೆ. ಕೇಳಿಸಿಕೊಳ್ಳಿ.